ಶೆಡ್ಡಿನ ಮೇಲೆ ಬೆಳೆದ ಹುಲ್ಲು

“ಹುಲ್ಲು ಬರ್ಲಿ, ಆಲ್ಫ್. ಹುಲ್ಲು ಬಂದ ವರ್ಷ ನಿನ್ನ ಕುಟುಂಬಾನೂ ವಾಪಸ್ ಬರುತ್ತೆ. ಇದು ನನ್ನ ಮಾತು.”

ಇಲಾಖೆಯ ಅಧಿಕಾರಿ ಹೀಗೆ ಮಾತು ಕೊಟ್ಟಾಗ ರೋನಾಗೆ ಏಳು ವರ್ಷ. ಕೆಟಲ್ ದ್ವೀಪದ ಶೆಡ್ಡಿನಲ್ಲಿ ಅಮ್ಮ ಐವಿಯ ಪಕ್ಕ ಕೂತು ಹಕ್ಕಿಯ ಪುಕ್ಕ ಕೀಳುತ್ತಿದ್ದಳು. ಮೂಗಿನ ತುದಿಗೆ, ರೆಪ್ಪೆಗೆ, ತುಟಿಗೆ ಪುಕ್ಕ ಅಂಟಿಕೊಂಡಿತ್ತು. ಕುದಿನೀರಿನ ಕೊಪ್ಪರಿಗೆಯ ಹತ್ತಿರ ನಿಂತಿದ್ದ ಅಪ್ಪ ಆಲ್ಫ್ ಮುಂದೆ ಬಂದು ಕೈ ಚಾಚಿದ. ಮಾತು ಕೊಟ್ಟವನ ಕೈ ಹಿಡಿಯಬೇಕು ಅನ್ನುವುದು ಅವನು ಬೆಳೆದ ರೀತಿ. ಅವನ ಕೈಯಲ್ಲಿ ಹಕ್ಕಿಯ ಎಣ್ಣೆ ಹೊಳೆಯುತ್ತಿತ್ತು. ಅಧಿಕಾರಿ ಆ ಕೈಯನ್ನು ನೋಡಿದ. ತನ್ನ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿ ಇತ್ತು. ಆಮೇಲೆ ಆಲ್ಫ್ ಅದನ್ನು ಪ್ಯಾಂಟಿಗೆ ಒರೆಸಿಕೊಂಡ.

ರೋನಾಗೆ ಮಾತಿಗಿಂತ ಹೆಚ್ಚಾಗಿ ಆ ಕೈ ನೆನಪಿದೆ.

ಆ ವರ್ಷ ಹಕ್ಕಿ ಕಡಿಮೆಯಾಗಿದ್ದದ್ದು ನಿಜ. ಯಾಕೆ ಅನ್ನುವುದು ಕುರುಡನಿಗೂ ಕಾಣುತ್ತಿತ್ತು. ಆ ಹಕ್ಕಿಯ ಹೆಸರು ಯೋಲಾ, ಅದು ಸಮುದ್ರದ ಹಕ್ಕಿ. ಪ್ರತಿ ವರ್ಷ ಭೂಮಿಯ ಆ ತುದಿಯಿಂದ ಹಾರಿ ಬಂದು ತನ್ನ ಹಳೇ ಬಿಲಕ್ಕೇ ಇಳಿಯುತ್ತದೆ. ಅದು ಮರಳಿನಲ್ಲಿ ತೋಡಿದ ಬಿಲ. ಆ ಮರಳನ್ನು ಬಿಗಿಹಿಡಿದಿರುವುದು ಕುಚ್ಚುಹುಲ್ಲಿನ ಬೇರು. ದ್ವೀಪವನ್ನು ಗುತ್ತಿಗೆಗೆ ಹಿಡಿದವನ ಕುರಿಗಳು ಆ ಹುಲ್ಲನ್ನು ಬುಡಮಟ್ಟ ಮೇಯ್ದವು. ಗೊರಸುಗಳು ಬಿಲದ ಸೂರನ್ನು ತುಳಿದು ಕೆಡವಿದವು. ಮರಿಗಳು ಒಳಗೇ ಹೂತುಹೋದವು. ಇಲಾಖೆ ಕುರಿಗಳನ್ನು ಕರೆದು ವಿಚಾರಣೆ ಮಾಡಲಿಲ್ಲ. ನಿಮ್ಮ ಜನ ಬಿಲ ಬರಿದು ಮಾಡಿದ್ದಾರೆ, ಇನ್ನು ಇಲ್ಲಿ ಹಕ್ಕಿ ಹಿಡಿಯುವ ಹಾಗಿಲ್ಲ ಎಂದಿತು.

ಅದೇ ವರ್ಷ ಶಾಲೆಯಲ್ಲಿ ಮೇಷ್ಟ್ರು ಪಾಠ ಮಾಡಿದರು. ಈ ಕಡೆಯ ದ್ವೀಪಗಳ ಮೂಲಜನ ನಿರ್ನಾಮವಾಗಿ ಬಹಳ ಕಾಲವಾಯಿತು, ಒಬ್ಬರೂ ಉಳಿದಿಲ್ಲ ಎಂದರು. ರೋನಾ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಹಿಂದಿನ ಎರಡು ಬೆಂಚು ತುಂಬ ಅವಳ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಮನೆಗೆ ಬಂದು ಕೇಳಿದಳು, “ಅಮ್ಮಾ, ನಾವು ಸತ್ತೋಗಿದ್ದೀವಾ?”

ಐವಿ ಹಿಟ್ಟು ನಾದುತ್ತಿದ್ದಳು. “ಸತ್ತೋರು ಇಷ್ಟು ತಿನ್ನಲ್ಲ ಕಣೆ. ಕೈ ತೊಳ್ಕೊಂಡ್ ಬಾ.”

ಗುತ್ತಿಗೆದಾರನ ಆಳುಗಳು ಶೆಡ್ಡಿನ ಹಲಗೆ ಕಿತ್ತು ಕುರಿದೊಡ್ಡಿ ಕಟ್ಟಿದರು. ಮಿಕ್ಕಿದ್ದಕ್ಕೆ ಬೆಂಕಿ ಇಟ್ಟರು. ಆಲ್ಫ್ ದೋಣಿಯಲ್ಲಿ ಕೂತು ಹೊಗೆ ನೋಡಿದ. ಆಮೇಲೆ ಅವನು ಪಟ್ಟಣದ ಮೀನು ಕಾರ್ಖಾನೆಯಲ್ಲಿ ದುಡಿದು ಸತ್ತ. ಯಾರಾದರೂ ದ್ವೀಪದ ಕಡೆಯಿಂದ ಬಂದರೆ ಅವನು ಕೇಳುತ್ತಿದ್ದದ್ದು ಒಂದೇ. “ಹುಲ್ಲು ಬಂತಾ?”

ಹುಲ್ಲು ತಾನಾಗಿ ಬರಲಿಲ್ಲ. ಕುರಿಗಳು ತಿನ್ನುವುದಕ್ಕೆ ಏನೂ ಉಳಿಯದೆ ಹೋದ ಮೇಲೆ ಗುತ್ತಿಗೆದಾರ ಅವನ್ನು ಹೇರಿಕೊಂಡು ಹೋದ. ದ್ವೀಪದ ಬೆನ್ನು ಬೋಳಾಗಿತ್ತು. ಗಾಳಿ ಬಂದಾಗ ಮರಳೆದ್ದು ಕಡಲಿಗೆ ಸುರಿಯುತ್ತಿತ್ತು. ಬೆಳೆದದ್ದೆಲ್ಲ ಆಫ್ರಿಕಾದ ಮುಳ್ಳಿನ ಪೊದೆ. ಯಾರೋ ಬೇಲಿಗೆಂದು ತಂದಿದ್ದು ದ್ವೀಪವನ್ನೇ ನುಂಗಿತ್ತು. ಸಂಜೆ ಇಳಿಯುವ ಹಕ್ಕಿಗಳು ಅದರೊಳಗೆ ಸಿಕ್ಕಿ, ರೆಕ್ಕೆ ಬಿಚ್ಚಿಕೊಂಡೇ ಒಣಗುತ್ತಿದ್ದವು.

ಆಮೇಲೆ ಪಟ್ಟಣದ ಟ್ರಸ್ಟೊಂದು ಬಂತು. ದ್ವೀಪವನ್ನು ಮೊದಲಿನಂತೆ ಮಾಡುತ್ತೇವೆ ಎಂದಿತು. ಮುಳ್ಳು ಕಡಿಯಲು, ಹುಲ್ಲು ನೆಡಲು ಜನ ಬೇಕಿತ್ತು. ಆ ಗಾಳಿಯಲ್ಲಿ ದುಡಿಯಲು ಪಟ್ಟಣದವರು ಯಾರು ಬರುತ್ತಾರೆ? ರೋನಾ ಬಂದಳು. ಅಪ್ಪನ ತಮ್ಮ ಲೈಲ್ ಬಂದ. ಲೈಲನ ಮಗಳು ಡೋರಿ ಬಂದಳು.

ಬೆಳಗ್ಗೆ ತನ್ನ ಮಕ್ಕಳು ಏಳುವ ಮೊದಲೇ ರೋನಾ ದೋಣಿ ಹತ್ತುತ್ತಿದ್ದಳು. ಮುಳ್ಳಿನ ಬುಡಕ್ಕೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕು. ಗರಗಸ ಹಾಕಬೇಕು. ಕಡಿದ ಬುಡಕ್ಕೆ ತಕ್ಷಣ ವಿಷ ಬಳಿಯಬೇಕು, ತಡ ಮಾಡಿದರೆ ಅದು ಮತ್ತೆ ಚಿಗುರುತ್ತದೆ. ಮುಳ್ಳು ಚರ್ಮದ ಕೈಗವಸನ್ನು ತೂರಿಕೊಂಡು ಬರುತ್ತಿತ್ತು. ಬೂಟಿನ ಅಟ್ಟೆ ತೂರುತ್ತಿತ್ತು. ಗೆಣ್ಣಿನಲ್ಲಿ ಮುರಿದು ಉಳಿದರೆ ಬೆರಳು ಬದನೆಕಾಯಿಯಂತೆ ಊದುತ್ತಿತ್ತು. ಸಂಜೆ ಮನೆಯಲ್ಲಿ ಮಗಳು ಟೆಸ್ ಅಮ್ಮನ ಅಂಗೈ ತೊಡೆಯ ಮೇಲಿಟ್ಟುಕೊಂಡು ಸೂಜಿಯಿಂದ ಮುಳ್ಳು ತೆಗೆಯುತ್ತಿದ್ದಳು.

“ಯಾರಿಗೋಸ್ಕರ ಇದೆಲ್ಲ?” ಎಂದು ಬೈಯುತ್ತಿದ್ದಳು. “ನಿನ್ ಕೈಯಲ್ಲಿ ತಲೆ ಬಾಚಿಸ್ಕೊಂಡ್ರೆ ಗೀರು ಬೀಳುತ್ತೆ, ಗೊತ್ತಾ?”

“ನಿಮ್ ತಾತ ಕೇಳ್ತಿದ್ರಲ್ಲ,” ಎನ್ನುತ್ತಿದ್ದಳು ರೋನಾ. ಅಷ್ಟು ಹೇಳುವಷ್ಟರಲ್ಲಿ ಕೂತಲ್ಲೇ ನಿದ್ದೆ.

ಮುಳ್ಳು ಹೋದ ಮೇಲೆ ಹುಲ್ಲು. ಸಸಿಯ ತಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಮರಳಿನ ದಿಬ್ಬ ಹತ್ತಬೇಕು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತಿತ್ತು. ನೆಟ್ಟಿದ್ದನ್ನು ಗಾಳಿ ಕೀಳುತ್ತಿತ್ತು. ಗಾಳಿ ಬಿಟ್ಟಿದ್ದನ್ನು ಕಾಡುಬಾತು ತಿನ್ನುತ್ತಿತ್ತು. ಲೈಲ್ ಬಾತುಗಳ ಹಿಂದೆ ಓಡುತ್ತ ಅವುಗಳ ಅಪ್ಪ ಅಮ್ಮನ ಹೆಸರೆಲ್ಲ ಎತ್ತುತ್ತಿದ್ದ. ಮತ್ತೆ ನೆಟ್ಟರು. ಮತ್ತೆ ಹೋಯಿತು. ಮತ್ತೆ ನೆಟ್ಟರು.

ಮೊಟ್ಟಮೊದಲು ಅವರು ನೆಟ್ಟದ್ದು ಎಲ್ಲಿ ಅನ್ನುವುದು ಟ್ರಸ್ಟಿಗೆ ಗೊತ್ತಿರಲಿಲ್ಲ.

ದೋಣಿ ನಿಲ್ಲುವ ಇಳಿದಾಣದ ಮೇಲೆ, ಬಂಡೆಯ ಮರೆಯಲ್ಲಿ, ಸುಟ್ಟ ಶೆಡ್ಡಿನ ನೆಲ ಹಾಗೇ ಇತ್ತು. ಆಲ್ಫ್ ಕಡಲದಂಡೆಯಿಂದ ಹೊತ್ತು ತಂದು ಹಾಸಿದ್ದ ಗುಂಡುಕಲ್ಲು. ಒಲೆಯ ಮೂರು ಮಗ್ಗುಲು. ಬೆಂಕಿಗೆ ಬಾಯಿ ಸೀಳಿದ್ದ ಕೊಪ್ಪರಿಗೆ. ನೋಡಿದ ಕೂಡಲೇ ಲೈಲ್ ಟೋಪಿ ತೆಗೆದ. ಅದನ್ನು ಮತ್ತೆ ಹಾಕಿಕೊಳ್ಳುತ್ತ ಹೇಳಿದ, “ಮುಚ್ಚು.”

ರೋನಾ ಯಾಕೆ ಎಂದು ಕೇಳಲಿಲ್ಲ. ಅವರ ಜನದಲ್ಲಿ ಯಾರೂ ಕೇಳುತ್ತಿರಲಿಲ್ಲ. ಹಿಂದಿನವರು ಗೋರಿ ತೋರಿಸಿದರು, ಮೂಳೆಗಳು ಪೆಟ್ಟಿಗೆಯಲ್ಲಿ ದೂರದ ವಸ್ತುಸಂಗ್ರಹಾಲಯಕ್ಕೆ ಹೋದವು. ಸಿಹಿನೀರಿನ ಗುಂಡಿ ತೋರಿಸಿದರು, ಅದರ ಸುತ್ತ ಬೇಲಿ ಬಂತು. ಬಿಳಿಯರಿಗೆ ತೋರಿಸಿದ್ದು ನಮ್ಮದಾಗಿ ಉಳಿಯುವುದಿಲ್ಲ. ಎದೆಹಾಲಿನ ಜೊತೆ ಕುಡಿದ ಪಾಠ ಅದು. ಮೂವರೂ ಬುಟ್ಟಿಯಲ್ಲಿ ಮರಳು ಹೊತ್ತು ತಂದು ಗುಂಡುಕಲ್ಲಿನ ಮೇಲೆ ಸುರಿದರು. ಅದರ ಮೇಲೆ ಒತ್ತೊತ್ತಾಗಿ ಕುಚ್ಚುಹುಲ್ಲು ನೆಟ್ಟರು. ಅಪ್ಪನಿಗೆ ಕಂಬಳಿ ಹೊದಿಸಿದ ಹಾಗೆ ಅನ್ನಿಸಿತು ರೋನಾಗೆ. ಬಂಡೆಯ ಮರೆ ಇದ್ದುದರಿಂದ ಅಲ್ಲಿಯ ಹುಲ್ಲೇ ಎಲ್ಲಕ್ಕಿಂತ ಮೊದಲು ಸೊಂಟಮಟ್ಟ ಎದ್ದಿತು.

ಮುಂದೊಂದು ಬೇಸಿಗೆಯಲ್ಲಿ ಟ್ರಸ್ಟಿನವರು ದ್ವೀಪದಲ್ಲಿ ಹಳೆಯ ಕುರುಹು ಏನೇನಿದೆ ಎಂದು ಹುಡುಕಲು ಇಬ್ಬರನ್ನು ಕಳಿಸಿದರು. ಅವರು ಯಂತ್ರ ಹಿಡಿದುಕೊಂಡು ದ್ವೀಪವೆಲ್ಲ ಓಡಾಡಿದರು. ಲೈಲ್ ಸರಿಯಾಗಿ ಒಲೆಯ ಮೇಲೆ, ಹುಲ್ಲಿನ ನಡುವೆ ಕೂತು ಬ್ರೆಡ್ಡು ತಿನ್ನುತ್ತಿದ್ದ.

“ಏನಾದ್ರೂ ಸಿಕ್ತೇನ್ರಪ್ಪಾ?”

“ಇನ್ನೂ ಇಲ್ಲ.”

“ಹುಡುಕಿ, ಹುಡುಕಿ. ಬಿಸ್ಲಿದೆ, ಟೋಪಿ ಹಾಕ್ಕೊಳ್ಳಿ.”

ವಾಪಸ್ ಬರುವಾಗ ದೋಣಿಯಲ್ಲಿ ಡೋರಿ ನಕ್ಕು ನಕ್ಕು ಕೆಮ್ಮಿದಳು. ರೋನಾ ಕೂಡ ನಕ್ಕಳು. ಆ ನಗುವಿಗೆ ಎಷ್ಟು ತೆರಬೇಕು ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

ಹುಲ್ಲು ಬಂತು. ಕೊನೆಗೂ ಬಂತು. ಆ ತುದಿಯಿಂದ ಈ ತುದಿಗೆ ಗಾಳಿ ಓಡಿದರೆ ದ್ವೀಪವೇ ಉಸಿರೆಳೆದ ಹಾಗೆ ಕಾಣುತ್ತಿತ್ತು. ಹುಲ್ಲಿನಡಿ ಮರಳು ಗಟ್ಟಿಯಾಯಿತು. ಗಟ್ಟಿಯಾದ ಮರಳಿನಲ್ಲಿ ಬಿಲ ನಿಂತಿತು. ವಸಂತದಲ್ಲಿ ಬಂದ ಹಕ್ಕಿ ಸಂಜೆಯ ಆಕಾಶವನ್ನು ಕಪ್ಪು ಮಾಡಿತು.

ಟ್ರಸ್ಟು ಅತಿಥಿಗಳನ್ನು ಕರೆಸಿತು. ಭಾಷಣವಾಯಿತು. ದಾನಿಗಳ ಹೆಸರು ಹೇಳಿದರು, ಸ್ವಯಂಸೇವಕರ ಹೆಸರು ಹೇಳಿದರು. “ಹಾಗೂ ನಮ್ಮ ಕೂಲಿಯಾಳುಗಳು,” ಎಂದರು. ಅಷ್ಟೇ. ಒಬ್ಬ ಹೆಂಗಸು ರೋನಾಳ ಅಂಗೈಯನ್ನು ತಿರುಗಿಸಿ, ಗಾಯದ ಕಲೆಗಳನ್ನು ಫೋಟೋ ತೆಗೆದುಕೊಂಡಳು. ಮುಖದ ಫೋಟೋ ತೆಗೆಯಲಿಲ್ಲ.

ಅಷ್ಟು ಹೊತ್ತಿಗೆ ಐವಿಗೆ ಎಂಬತ್ತು ದಾಟಿತ್ತು. ಮೂಗಿಗೆ ನಳಿಕೆ, ಮಗ್ಗುಲಲ್ಲಿ ಆಕ್ಸಿಜನ್ ಸಿಲಿಂಡರು. ಜೂನ್‌ನಲ್ಲಿ ಬರುವ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವಳು ಬೇರೇನೂ ಕೇಳುತ್ತಿರಲಿಲ್ಲ.

“ಏಪ್ರಿಲ್ ಬಂದ್ರೆ ಮರಿ ಕೊಬ್ಬುತ್ತೆ. ಕೆಟಲ್‌ಗೆ ಯಾವಾಗ ಹೋಗೋದು?”

“ಪಕ್ಕದ ದ್ವೀಪದ ಹಕ್ಕಿ ತಂದ್ಕೊಡ್ತೀನಮ್ಮಾ.”

“ಅದಾ? ಥೂ. ಅದಕ್ಕೆ ಬೂಟಿನ ರುಚಿ. ನಿಮ್ಮಪ್ಪನ ಮನೆ ಹಕ್ಕಿ ಬೇಕು ನಂಗೆ. ಅಲ್ಲೇ ಕೂತು ಕೀಳ್ಬೇಕು. ಹುಲ್ಲು ಬಂದಿದೆ ಅಂತ ನೀನೇ ಹೇಳ್ದೆ. ಮತ್ತಿನ್ನೇನು?”

ರೋನಾ ಕೇಳಲು ಹೋದಳು. ಟ್ರಸ್ಟಿನ ಪರವಾಗಿ ಕೆಲಸ ನೋಡಿಕೊಳ್ಳುತ್ತಿದ್ದವಳು ಪಿಪ್ಪಾ ಎಂಬ ಹೆಂಗಸು. ಕೆಟ್ಟವಳಲ್ಲ. ಚಹಾ ಮಾಡಿದರೆ ಎಲ್ಲರಿಗೂ ಮಾಡುತ್ತಿದ್ದಳು. ಆ ದಿನ ಅವಳು ಇಳಿದಾಣದಲ್ಲಿ ನಿಂತಿದ್ದಳು. ದೋಣಿಯಿಂದ ದೊಡ್ಡದೊಂದು ಬೋರ್ಡು, ಎರಡು ಕಂಬ ಇಳಿಸಿದ್ದರು. ಲೈಲ್, ಡೋರಿ ಗುದ್ದಲಿ ಹಿಡಿದು ಪಕ್ಕದಲ್ಲಿದ್ದರು.

“ಪಿಪ್ಪಾ, ಏಪ್ರಿಲ್‌ನಲ್ಲಿ ನಾವು ಹಕ್ಕಿಗೆ ಬರ್ತೀವಿ. ಮೊದಲೇ ಹೇಳ್ತಿದ್ದೀನಿ.”

ಪಿಪ್ಪಾ ಕಡಲ ಕಡೆ ನೋಡಿದಳು. “ರೋನಾ, ನಿಮಗೆ ಹೇಳ್ಬೇಕು ಅಂತಾನೇ ಇದ್ದೆ. ಇದನ್ನ ಪಕ್ಷಿಧಾಮ ಮಾಡ್ತಿದ್ದಾರೆ. ಹಿಂದೆ ನಿಮ್ಮವರ ಶೆಡ್ ಇದ್ದ ದ್ವೀಪಗಳಲ್ಲಿ ಮಾತ್ರ ಹಕ್ಕಿ ಹಿಡಿಯೋ ಹಕ್ಕು ಇರುತ್ತೆ. ಇಲ್ಲಿ ಶೆಡ್ ಇತ್ತು ಅನ್ನೋದಕ್ಕೆ ಏನೂ ಸಿಗ್ಲಿಲ್ಲ. ಹುಡುಕಿಸಿದ್ವಲ್ಲ.”

ಡೋರಿಯ ಕೈಯಿಂದ ಗುದ್ದಲಿ ಜಾರಿತು. ಲೈಲ್ ನೆಲ ನೋಡಿದ.

“ನಮ್ಮಪ್ಪನಿಗೆ ಮಾತು ಕೊಟ್ಟಿದ್ರು,” ಅಂದಳು ರೋನಾ.

“ಯಾರು?”

“ಇಲಾಖೆಯೋರು. ನಾನೇ ಇದ್ದೆ.”

“ನಾನು ನಂಬ್ತೀನಿ. ಆದ್ರೆ ಮಾತನ್ನ ಎಲ್ಲಿ ಅಂತ ತೋರ್ಸೋದು? ನೋಡಿ, ಇದು ನನ್ನ ಕೈಲಿಲ್ಲ.”

“ನಿಮ್ಮೋರ ಕೈಲಿ ಯಾವತ್ತೂ ಏನೂ ಇರಲ್ಲ. ಅದಕ್ಕೇ ಅಷ್ಟು ಚೊಕ್ಕಟವಾಗಿರ್ತವೆ.”

ಪಿಪ್ಪಾಳ ಮುಖ ಕೆಂಪಾಯಿತು. ಕಂಬಗಳತ್ತ ಕೈ ತೋರಿಸಿದಳು. “ಇವತ್ತು ಇವನ್ನ ನಿಲ್ಲಿಸ್ಬೇಕು. ದಯವಿಟ್ಟು ಗುಂಡಿ ತೋಡಿ.”

ಬೋರ್ಡಿನ ಮೇಲೆ ಹಾರುವ ಹಕ್ಕಿಯ ಚಿತ್ರವಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಅಪ್ಪಣೆಯಿಲ್ಲದೆ ಇಳಿಯಬಾರದು.

ಕೆಡವಿದವರು ಯಾರು? ಕುರಿ ತಂದವರು. ಕಟ್ಟಿದವರು ಯಾರು? ಹೊಟ್ಟೆಯ ಮೇಲೆ ತೆವಳಿದವರು. ಈಗ ಅದೇ ಕೈ ಗುಂಡಿ ತೋಡಬೇಕು, ಅದೇ ಕೈ ಕಂಬ ಹೂಳಬೇಕು, ಆಮೇಲೆ ದೋಣಿ ಹತ್ತಿ ಹೋಗಬೇಕು. ರೋನಾ ಗುದ್ದಲಿ ಎತ್ತಿಕೊಂಡಳು. ಪಿಪ್ಪಾ ನಿಟ್ಟುಸಿರು ಬಿಟ್ಟಳು. ರೋನಾ ಕಂಬದ ಕಡೆ ಹೋಗಲಿಲ್ಲ. ಬಂಡೆಯ ಕಡೆ ನಡೆದಳು.

“ಗುಂಡಿ ಇಲ್ಲಿ, ರೋನಾ!”

“ತೋಡಲ್ಲ.”

“ಏನು?”

“ತೋಡಲ್ಲ ಅಂದೆ. ನಿನ್ನ ಬೋರ್ಡಿಗೆ ನೀನೇ ತೋಡ್ಕೊ.”

ಅವಳು ಬಂಡೆಯ ಮರೆಗೆ ಬಂದು ಮಂಡಿಯೂರಿದಳು. ಎಲ್ಲಕ್ಕಿಂತ ಎತ್ತರದ ಹುಲ್ಲು. ಅದರ ಬುಡಕ್ಕೆ ಎರಡೂ ಕೈ ಹಾಕಿದಳು. ಎಳೆದಳು. ಬರಲಿಲ್ಲ. ಅವಳೇ ನೆಟ್ಟಿದ್ದು, ಬಿಡುತ್ತದೆಯೇ? ಗುದ್ದಲಿಯಿಂದ ಸುತ್ತ ಬಿಡಿಸಿ, ಕಾಲು ಊರಿ, ಮತ್ತೆ ಎಳೆದಳು. ಬೇರು ಪಟಪಟ ಹರಿಯಿತು.

ಲೈಲ್ ಓಡಿ ಬಂದು ಅವಳ ಮಣಿಕಟ್ಟು ಹಿಡಿದ. “ಏ ಹುಚ್ಚಿ! ಏನ್ ಮಾಡ್ತಿದ್ದೀಯ? ನಿನ್ ಕೈಯಾರೆ ನೆಟ್ಟಿದ್ದು ಕಣೆ!”

“ಬಿಡು ಚಿಕ್ಕಪ್ಪ.”

“ಅಣ್ಣ ಬಾಳಿದ ಜಾಗ. ಇವ್ರ ಮುಂದೆ ಬಿಚ್ತೀಯಾ? ನಾಳೆ ಈ ಕಲ್ಲನ್ನೂ ಹೊತ್ಕೊಂಡ್ ಹೋಗ್ತಾರೆ!”

“ಬಚ್ಚಿಟ್ಟು ಏನ್ ಉಳಿಸ್ಕೊಂಡ್ವಿ? ಹೇಳು. ಒಲೆ ಮೇಲೆ ಕೂತು ಬ್ರೆಡ್ ತಿಂದು ನಕ್ವಿ. ನಾವು ಮುಚ್ಚಿದ್ದನ್ನೇ ತೋರ್ಸಿ, ನೀವು ಇಲ್ಲಿರಲೇ ಇಲ್ಲ ಅಂತಿದ್ದಾರೆ. ಇನ್ನೆಷ್ಟು ಮುಚ್ಚೋಣ? ನಮ್ಮನ್ನೇ ಮುಚ್ಕೊಳ್ಳೋಣ್ವಾ?”

ಲೈಲನ ಹಿಡಿತ ಸಡಿಲಾಯಿತು. ಮುದುಕ ಅಲ್ಲೇ ನಿಂತು ಬೈದ. ಟ್ರಸ್ಟನ್ನು ಬೈದ, ಇಲಾಖೆಯನ್ನು ಬೈದ, ಕುರಿಯನ್ನು ಬೈದ, ಕೊನೆಗೆ ತನ್ನನ್ನೇ ಬೈದುಕೊಂಡ. ಬೈಯುತ್ತಲೇ ಮಂಡಿಯೂರಿ ಪಕ್ಕದ ಬುಡಕ್ಕೆ ಕೈ ಹಾಕಿದ. ಡೋರಿ ಒದ್ದೆ ಗೋಣಿ ತಂದಳು.

ಪಿಪ್ಪಾ ಏದುಸಿರು ಬಿಡುತ್ತ ಬಂದಳು. “ನಿಲ್ಸಿ! ಪೊಲೀಸರನ್ನ ಕರೀಬೇಕಾಗುತ್ತೆ! ಇಲ್ಲಿರೋ ಬಿಲಗಳು…”

“ಈ ಜಾಗದಲ್ಲಿ ಒಂದು ಬಿಲವೂ ಇಲ್ಲ,” ಅಂದಳು ರೋನಾ. ತಲೆ ಎತ್ತಲಿಲ್ಲ. “ಹಕ್ಕಿ ಕಲ್ಲು ತೋಡಲ್ಲ.”

ಬೆರಳಿನ ಉಗುರು ಕಿತ್ತು ರಕ್ತ ಬಂತು. ಮರಳು ರಕ್ತ ಕುಡಿಯಿತು. ಅಂಗೈಯಲ್ಲಿ ಮರಳು ಬಾಚಿ ಬಾಚಿ ಹಿಂದಕ್ಕೆ ಎಸೆದರು. ಮೊದಲು ಒಂದು ಗುಂಡುಕಲ್ಲು. ಅದರ ಮಗ್ಗುಲಲ್ಲಿ ಇನ್ನೊಂದು. ಒತ್ತಾಗಿ ಜೋಡಿಸಿದ ನೆಲ ಬೆಳಕಿಗೆ ಬರುತ್ತ ಹೋಯಿತು. ಆಮೇಲೆ ಮಸಿ ಹಿಡಿದ ಒಲೆ. ಆಮೇಲೆ ಬಾಯಿ ಸೀಳಿದ ಕೊಪ್ಪರಿಗೆ.

ಪಿಪ್ಪಾ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?”

“ಹೇಳಿದ್ದನ್ನೆಲ್ಲ ಕಳ್ಕೊಂಡಿದ್ದೀವಿ. ಈಗ ಹೇಳ್ತಿದ್ದೀನಿ, ಕೇಳಿಸ್ಕೊ. ಇದು ನಮ್ಮಪ್ಪ ಆಲ್ಫ್ ಹಾಸಿದ ನೆಲ. ಆ ಮೂಲೆಯಲ್ಲಿ ನಾನು ಪುಕ್ಕ ಕೀಳ್ತಿದ್ದೆ. ಇಲ್ಲಿ ನಿಂತು ನಿಮ್ಮೋನು ನಮ್ಮಪ್ಪನ ಕೈ ಮುಟ್ಟಲಿಲ್ಲ.”

ಕಿತ್ತ ಹುಲ್ಲನ್ನು ರೋನಾ ಬಿಸಾಡಲಿಲ್ಲ. ಗೋಣಿಯಲ್ಲಿ ಸುತ್ತಿ, ಕುಸಿಯುತ್ತಿದ್ದ ದಿಬ್ಬದ ಅಂಚಿಗೆ ಹೊತ್ತುಕೊಂಡು ಹೋಗಿ, ಒಂದೊಂದಾಗಿ ಮತ್ತೆ ನೆಟ್ಟಳು. ಆ ಕೆಲಸ ಮುಗಿಯುವವರೆಗೆ ಅವಳು ದೋಣಿ ಹತ್ತಲಿಲ್ಲ. ದೋಣಿ ಕಾದಿತು. ಬೋರ್ಡಿಗೆ ಆ ದಿನ ಗುಂಡಿ ತೋಡುವವರು ಯಾರೂ ಸಿಗಲಿಲ್ಲ.

ಮೂವರನ್ನೂ ಕೆಲಸದಿಂದ ತೆಗೆದರು. ಕಲ್ಲುಗಳನ್ನು ತಜ್ಞರು ಪರೀಕ್ಷಿಸಬೇಕು, ಎಲ್ಲ ಸರಿಯಾದರೆ ಮುಂದಿನ ವರ್ಷ ಯೋಚಿಸಬಹುದು ಎಂದು ಹೇಳಿ ಕಳಿಸಿದರು. ಪಿಪ್ಪಾ ಆ ಕಲ್ಲುಗಳ ಪರವಾಗಿ ಮಾತಾಡಿದಳಂತೆ. ಸಭೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ.

“ಮುಂದಿನ ವರ್ಷಾನಾ?” ಅಂದಳು ಐವಿ. ನಳಿಕೆಯೊಳಗೆ ಗಾಳಿ ಸುಯ್ಯೆಂದಿತು. “ಅಷ್ಟೊತ್ತಿಗೆ ನಾನೂ ಕಲ್ಲೇ. ನನ್ನೂ ಪರೀಕ್ಷೆ ಮಾಡ್ಲಿ.”

ಏಪ್ರಿಲ್ ಬಂತು. ರೋನಾ ಊರಿನಲ್ಲಿ ತನ್ನ ಜನರ ಮನೆಮನೆಗೂ ಹೋದಳು. ಕದ್ದು ಹೋಗುತ್ತಿಲ್ಲ, ಬೆಳಕಿನಲ್ಲಿ ಹೋಗುತ್ತಿದ್ದೇವೆ ಎಂದಳು. ಬರುವವರು ಬನ್ನಿ ಎಂದಳು. ಬಂದವರಿಗೆ ದೋಣಿ ಸಾಲಲಿಲ್ಲ. ಮೀನು ಹಿಡಿಯುವವರು ತಮ್ಮ ದೋಣಿ ತಂದರು. ಐವಿಯನ್ನು ಕುರ್ಚಿ ಸಮೇತ ಎತ್ತಿ ಕೂರಿಸಿದರು. ಸಿಲಿಂಡರನ್ನು ಟೆಸ್ ಮಗುವಿನ ಹಾಗೆ ಅಪ್ಪಿಕೊಂಡಳು. ಸೂಜಿ ಹಿಡಿದು ಬೈಯುತ್ತಿದ್ದ ಹುಡುಗಿ ಈಗ ಹೆಂಗಸಾಗಿದ್ದಳು. ಇವತ್ತು ಬೈಯಲಿಲ್ಲ.

ಇಳಿದಾಣದಲ್ಲಿ ಬೋರ್ಡು ನಿಂತಿತ್ತು. ಅದರ ಪಕ್ಕ ಇಲಾಖೆಯ ಕಾವಲಿನವನು ನಿಂತಿದ್ದ. ಎಳೆಯ ಮೀಸೆ, ಹೊಸ ಬೂಟು.

“ಇಳೀಬೇಡಿ. ಇಳಿದ್ರೆ ಕೇಸ್ ಹಾಕ್ಬೇಕಾಗುತ್ತೆ.”

“ಹಾಕು ಮಗಾ,” ಅಂದಳು ಐವಿ. “ಕೋರ್ಟಿಗೆ ಬರೋಷ್ಟು ಉಸಿರು ನನ್ ಹತ್ರ ಇಲ್ಲ. ಹಕ್ಕಿ ತಿನ್ನೋಷ್ಟಿದೆ. ಸ್ವಲ್ಪ ಪಕ್ಕಕ್ಕೆ ಸರಿ, ಕುರ್ಚಿ ಕಾಲು ನಿನ್ ಕಾಲ್ ಮೇಲೆ ಬೀಳುತ್ತೆ.”

ಅವನು ಸರಿಯಲಿಲ್ಲ. ಅವರು ಅವನನ್ನು ಸುತ್ತಿಕೊಂಡು ನಡೆದರು. ಅವನು ಒಬ್ಬೊಬ್ಬರ ಹೆಸರು ಕೇಳಿದ. ಒಬ್ಬರೂ ಮುಚ್ಚಿಡಲಿಲ್ಲ. ತಮ್ಮ ಹೆಸರು, ಅಪ್ಪನ ಹೆಸರು, ಅಜ್ಜಿಯ ಹೆಸರು, ಯಾವ ದ್ವೀಪದಲ್ಲಿ ಯಾವ ಶೆಡ್ಡು ಎಲ್ಲವನ್ನೂ ಗಟ್ಟಿಯಾಗಿ ಹೇಳಿದರು. ಲೈಲ್ ತನ್ನ ಸರದಿ ಬಂದಾಗ ಟೋಪಿ ತೆಗೆದು, “ಕೆಟಲ್ ದ್ವೀಪದ ಆಲ್ಫ್‌ನ ತಮ್ಮ,” ಎಂದ. “ನಿಧಾನಕ್ಕೆ ಬರ್ಕೊ. ತಪ್ಪು ಬರೀಬೇಡ,” ಎಂದ.

ಗುಂಡುಕಲ್ಲಿನ ನೆಲದ ಮೇಲೆ ಕುರ್ಚಿ ಇಟ್ಟರು. ಒಲೆ ಹಚ್ಚಿದರು. ಹೊಸ ಕೊಪ್ಪರಿಗೆಗೆ ನೀರು ತುಂಬಿದರು. ಬೆಂಕಿ ಹತ್ತಿರ ತರಬಾರದು ಎಂದು ಸಿಲಿಂಡರನ್ನೂ ಐವಿಯನ್ನೂ ಗಾಳಿ ಬೀಸಿ ಬರುವ ಕಡೆ, ನೆಲದ ಆ ತುದಿಗೆ ಕೂರಿಸಿದರು. ಅದಕ್ಕೂ ಅವಳು ಗೊಣಗಿದಳು.

ರೋನಾ ಹುಲ್ಲಿನ ನಡುವೆ ಬೋರಲು ಮಲಗಿದಳು. ಕೆನ್ನೆ ಮರಳಿಗೆ ತಾಗಿತು. ತೋಳನ್ನು ಭುಜದವರೆಗೆ ಬಿಲದೊಳಗೆ ತೂರಿಸಿದಳು. ಒಳಗೆ ತಣ್ಣಗಿದ್ದರೆ ಹಾವು. ಬೆಚ್ಚಗಿದ್ದರೆ ಮರಿ. ಬೆರಳು ಕತ್ತಲಲ್ಲಿ ತಡವಿತು.

ಬೆಚ್ಚಗಿತ್ತು.

ಕೊಬ್ಬಿದ ಮರಿಯನ್ನು ಹೊರಗೆಳೆದು, ಅಪ್ಪ ಕಲಿಸಿದ ಹಾಗೆ ಒಂದೇ ಏಟಿಗೆ ಕತ್ತು ಮುರಿದು, ತಂದು ಅಮ್ಮನ ಮಡಿಲಲ್ಲಿ ಇಟ್ಟಳು. ಐವಿ ಅದರ ಭಾರ ನೋಡಿದಳು. ಪುಕ್ಕ ಕೀಳತೊಡಗಿದಳು.

ಇಲಾಖೆ ಆಲ್ಫ್‌ಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ. ಹುಲ್ಲು ಬಂದ ವರ್ಷ ಅವನ ಕುಟುಂಬ ವಾಪಸ್ ಬಂತು.